ನಕ್ಷೆ ದುಬೈಗೆ, ಪಾಯ ಎರೆಭೂಮಿಗೆ

ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ ನನ್ನ ಕಚೇರಿಯಲ್ಲಿ ಎರಡು ಬಗೆಯ ಕೆಲಸ ನಡೆಯುತ್ತದೆ. ಬೆಳಿಗ್ಗೆ ಅಣ್ಣಿಗೇರಿ, ಗದಗ, ಹಾವೇರಿ ಕಡೆಯ ಮನೆ, ಶಾಲೆ, ಗೋದಾಮುಗಳ ವಿನ್ಯಾಸ. ಮಧ್ಯಾಹ್ನದ ಮೇಲೆ ದುಬೈ ಮತ್ತು ಲಂಡನ್ನಿನ ಕಚೇರಿಗಳಿಗೆ ಬಿಐಎಂ ಮಾದರಿ ಮಾಡಿಕೊಡುವುದು. ಬರೀ ಗೆರೆ ಎಳೆಯುವ ಬದಲು ಇದು ಗೋಡೆ, ಇದು ತೊಲೆ, ಇದು ಪೈಪು ಎಂದು ಕಂಪ್ಯೂಟರಿಗೆ ತಿಳಿಸುತ್ತ, ಕಟ್ಟಡ ಏಳುವ ಮೊದಲೇ ಅದನ್ನು ಇಡಿಯಾಗಿ ಪರದೆಯ ಮೇಲೆ ನಿಲ್ಲಿಸುವ ಕೆಲಸವಿದು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಲಂಡನ್ ಚಳಿಗಾಲದಲ್ಲಿ ಐದೂವರೆ ಗಂಟೆ ಹಿಂದೆ. ನಮ್ಮ ಚಹಾ-ಊಟದ ಹೊತ್ತು ಅದಕ್ಕೆ ತಕ್ಕಂತೆ ಬದಲಾಗಿದೆ. 2022ರ ಜನವರಿಯಲ್ಲಿ ಯುಎಇ ಸರ್ಕಾರ ವಾರದ ರಜೆಯನ್ನು ಶುಕ್ರವಾರ-ಶನಿವಾರದಿಂದ ಶನಿವಾರ-ರವಿವಾರಕ್ಕೆ ಸರಿಸಿದಾಗ ನಮ್ಮ ಹುಡುಗರಿಗೆ ರವಿವಾರದ ರಜೆ ಮರಳಿ ಸಿಕ್ಕಿತು. ಅಲ್ಲಿಯ ಒಂದು ಆದೇಶ ಇಲ್ಲಿ ಹತ್ತಾರು ಮನೆಗಳ ರವಿವಾರವನ್ನು ಬದಲಿಸಬಲ್ಲದು. ಜಾಗತೀಕರಣವನ್ನು ನಾನು ಮೊದಲು ಕಂಡದ್ದು ಇಂಥ ಕಡೆಗಳಲ್ಲಿ.

ಈ ಕೆಲಸದಿಂದ ನನಗೆ ಸಿಕ್ಕ ದೊಡ್ಡ ಲಾಭ ಶಿಸ್ತು. ಅಲ್ಲಿಯ ಕಚೇರಿಗಳಲ್ಲಿ ಪ್ರತಿ ಹಾಳೆಗೂ ಒಂದು ನಂಬರು. ಬದಲಾವಣೆಯಾದ ಜಾಗದ ಸುತ್ತ ಮೋಡದಾಕಾರದ ಗೆರೆ ಎಳೆದು, ಯಾರು, ಯಾವಾಗ, ಯಾಕೆ ಬದಲಿಸಿದರು ಎಂದು ಅಂಚಿನಲ್ಲಿ ಬರೆಯಲೇಬೇಕು. ತೊಲೆಗೆ ಎಸಿ ಡಕ್ಟು ಬಡಿಯುತ್ತದೆಯೇ ಎಂಬುದನ್ನು ಸ್ಲ್ಯಾಬ್ ಹಾಕುವ ಮುಂಚೆಯೇ ಮಾದರಿ ತೋರಿಸಿಬಿಡುತ್ತದೆ. ಇದೇ ರೂಢಿಯನ್ನು ನಮ್ಮ ಭಾಗದ ಸಣ್ಣ ಮನೆಗಳಿಗೂ ತಂದೆ. ಬಚ್ಚಲ ಪೈಪು ಎಲ್ಲಿಳಿಯುತ್ತದೆ, ಸ್ವಿಚ್ಚಿನ ಪೆಟ್ಟಿಗೆ ಎಷ್ಟು ಎತ್ತರದಲ್ಲಿ ಎಂಬುದನ್ನೆಲ್ಲ ಗೌಂಡಿಯ ಕೈಗೆ ಹಾಳೆಯಲ್ಲೇ ಕೊಡುತ್ತೇನೆ. ಹಳೆಯ ಹಾಳೆಯನ್ನು ವಾಪಸು ಪಡೆಯದೆ ಹೊಸದನ್ನು ಕೊಡುವುದಿಲ್ಲ. ಗೋಡೆ ಒಡೆದು ಮತ್ತೆ ಕಟ್ಟುವ ಖರ್ಚು ಇದರಿಂದ ಬಹಳ ತಗ್ಗಿದೆ. ಹೊಟ್ಟೆ ಕಟ್ಟಿ ಮನೆ ಕಟ್ಟುವ ರೈತನಿಗೆ ಆ ಉಳಿತಾಯ ಸಣ್ಣದೇನಲ್ಲ.

ಆದರೆ ಶಿಸ್ತಿನ ಜೊತೆಗೆ ಸಾಫ್ಟ್‌ವೇರಿನ ಸಿದ್ಧ ಸಾಮಾನೂ ಬರುತ್ತದೆ: ಚಳಿ ತಡೆಯುವ ಪದರುಗಳಿರುವ ಗೋಡೆ, ಹಿಮ ಜಾರಲು ಇಳಿಜಾರಾದ ಮಾಡು, ಗಟ್ಟಿ ನೆಲವೆಂದು ನಂಬಿದ ಪಾಯ. ಇಲ್ಲಿ ನಾನು ಹಟ ಹಿಡಿದೆ. ಕ್ರಮ ಅವರದಿರಲಿ, ಸಾಮಾನು ನಮ್ಮದಾಗಬೇಕು.

ಅಣ್ಣಿಗೇರಿ ಹತ್ತಿರದ ಒಂದು ಹೊಲಮನೆಗೆ ಪಾಯ ಗುರುತಿಸುವಾಗ ವಯಸ್ಸಾದ ಗೌಂಡಿ ಕಾಕಾ ಕೇಳಿದರು: ‘ಅಕ್ಕಾರ, ಈ ನೆಲಾ ಬ್ಯಾಸಗ್ಯಾಗ ಬಾಯಿ ತಗೀತೈತಿ, ಮಳಿಗಾಲದಾಗ ಉಬ್ಬತೈತಿ. ನಿಮ್ಮ ಕಂಪ್ಯೂಟರಿಗೆ ಇದು ಗೊತ್ತೈತೇನ್ರಿ?’ ಗೊತ್ತಿರಲಿಲ್ಲ, ನಾವೇ ತಿಳಿಸಬೇಕಿತ್ತು. ನವಲಗುಂದ, ನರಗುಂದ, ಗದಗದ ಎರೆಭೂಮಿಯ ಜಿಗಟು ಮಣ್ಣು ನೀರು ಕುಡಿದರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಅದರ ಮೇಲೆ ಸಾದಾ ಪಾಯ ಹಾಕಿದ ಗೋಡೆಯ ಮೂಲೆಗಳಲ್ಲಿ ಓರೆ ಬಿರುಕು ಬರುತ್ತವೆ. ಇದಕ್ಕೆ ಉತ್ತರ ನಮ್ಮ ದೇಶದಲ್ಲೇ ಇತ್ತು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬೆಳೆಸಿದ ಅಂಡರ್‌ರೀಮ್ಡ್ ಪೈಲ್, ಅಂದರೆ ತಳದಲ್ಲಿ ಉಬ್ಬಿದ ಪಾಯದ ಕಂಬ, ಅದು. ಮಣ್ಣಿನ ತೇವ ಹೆಚ್ಚು ಏರುಪೇರಾಗದ ಆಳಕ್ಕೆ, ಅಂದರೆ ಸಾಮಾನ್ಯವಾಗಿ ಮೂರೂವರೆ ಮೀಟರ್ ಅಥವಾ ಅದಕ್ಕೂ ಕೆಳಗೆ ಕೊರೆದು, ತಳದಲ್ಲಿ ಕಂಬದ ಸುಮಾರು ಎರಡೂವರೆ ಪಟ್ಟು ಅಗಲದ ಗಡ್ಡೆ ಬಿಡಿಸಿ ಕಾಂಕ್ರೀಟ್ ತುಂಬುತ್ತಾರೆ. ಮೇಲಿನ ತೊಲೆ ನೆಲಕ್ಕೆ ತಾಗಬಾರದು. ಸುಮಾರು 80 ಮಿ.ಮೀ. ಸಂದು ಬಿಟ್ಟರೆ ಉಬ್ಬಿದ ಮಣ್ಣು ಆ ಸಂದಿನೊಳಗೇ ಉಳಿಯುತ್ತದೆ, ಮನೆಯನ್ನು ಎತ್ತುವುದಿಲ್ಲ.

ಇದನ್ನು ನಾವೇ ಮಾದರಿಯಾಗಿ ತಯಾರಿಸಿ, ಒಂದು ಕ್ಲಿಕ್ಕಿಗೆ ಸಿಗುವ ಹಾಗೆ ಕಚೇರಿಯ ಸಂಗ್ರಹಕ್ಕೆ ಸೇರಿಸಿದೆವು. ಆಮೇಲೆ ಒಂದೊಂದೇ ಸೇರಿದವು: ಶಹಾಬಾದ್ ಪರ್ಶಿ ಹಾಸಿದ ನೆಲ, ಪಡಸಾಲೆಯ ಕಂಬ-ಬೋದಿಗೆ, ಗರಸು ತುಂಬಿದ ಕಟ್ಟೆ, ಜಂತಿಯ ಮೇಲೆ ಮೇಲ್ಮುದ್ದೆ ಹಾಕಿದ ಮಾಳಿಗೆ. ಹಳೇ ಮನೆ ದುರಸ್ತಿಗೆ ಬಂದಾಗ ಈ ಸಂಗ್ರಹವೇ ಕೈ ಹಿಡಿಯುತ್ತದೆ.

ಕಾಲೇಜೊಂದರಲ್ಲಿ ಪಾಠ ಹೇಳಲು ಹೋಗತೊಡಗಿದಾಗ ಇದೇ ಪ್ರಶ್ನೆ ಇನ್ನೊಂದು ರೂಪದಲ್ಲಿ ಎದುರಾಯಿತು. ವಿದ್ಯಾರ್ಥಿಗಳ ಹಾಳೆಗಳು ಎಷ್ಟು ಅಚ್ಚುಕಟ್ಟೆಂದರೆ ಯಾವ ದೇಶದ ಕಾಲೇಜಿನವೆಂದು ಹೇಳಲಾಗದು. ಎಲ್ಲರೂ ನೋಡುವುದು ಅದೇ ಜಾಲತಾಣ, ಅದೇ ಪಿಂಟರೆಸ್ಟ್. ಅವರ ಕಣ್ಣು ಜಗತ್ತಿಗೆ ತೆರೆದದ್ದು ನನಗೆ ಖುಷಿಯೇ. ಆದರೆ ನೆರಳಿನ ನಕ್ಷೆ ನೋಡಿ ದಿಗಿಲಾಯಿತು. ಗದಗದ ನಿವೇಶನಕ್ಕೆ ಮಾಡಿದ ವಿನ್ಯಾಸದಲ್ಲಿ ಜೂನ್ ತಿಂಗಳ ನಡುಮಧ್ಯಾಹ್ನದ ನೆರಳು ಉತ್ತರಕ್ಕೆ ಬಿದ್ದಿತ್ತು. ಅವರು ಬಳಸಿದ ವಿನ್ಯಾಸದ ತಂತ್ರಾಂಶ ಸ್ಕೆಚ್‌ಅಪ್ ಹುಟ್ಟಿದ್ದು ಅಮೆರಿಕದ ಕೊಲರಾಡೊ ರಾಜ್ಯದ ಬೋಲ್ಡರ್ ಪಟ್ಟಣದಲ್ಲಿ. ಊರು ಯಾವುದೆಂದು ನಾವು ಹೇಳದಿದ್ದರೆ ಅದು ಬೋಲ್ಡರಿನ ಬಿಸಿಲನ್ನೇ ತೋರಿಸುತ್ತದೆ. ಬೋಲ್ಡರ್ ಇರುವುದು 40 ಡಿಗ್ರಿ ಅಕ್ಷಾಂಶದಲ್ಲಿ, ನಾವು 15ರ ಆಸುಪಾಸಿನಲ್ಲಿ. ಅಲ್ಲಿ ನಡುಹಗಲ ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ. ಇಲ್ಲಿ ಮೇ ಮೊದಲ ವಾರದಿಂದ ಆಗಸ್ಟ್ ಎರಡನೆಯ ವಾರದ ತನಕ ನಡುಹಗಲ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕಿರುತ್ತಾನೆ. ಅಂದರೆ ಉತ್ತರದ ಕಿಟಕಿಗೂ ಛಜ್ಜಾ ಬೇಕು. ‘ಉತ್ತರದ ಬೆಳಕು ತಂಪು’ ಎಂದು ಪಶ್ಚಿಮದ ಪುಸ್ತಕಗಳಿಂದ ಬಂದ ಮಾತು ನಮ್ಮ ಬೇಸಿಗೆಗೆ ಪೂರ್ತಿ ಹೊಂದುವುದಿಲ್ಲ.

ಅಂದಿನಿಂದ ನನ್ನ ತರಗತಿಯ ಮೊದಲ ಕೆಲಸ ಒಂದು ಕೋಲು ನೆಟ್ಟು ಅಂಗಳದಲ್ಲಿ ನೆರಳು ಗುರುತಿಸುವುದು. ಆಮೇಲೆ ಕಂಪ್ಯೂಟರಿನಲ್ಲಿ ಊರಿನ ಅಕ್ಷಾಂಶ ಕೊಟ್ಟು ಎರಡನ್ನೂ ತಾಳೆ ನೋಡುತ್ತಾರೆ.

ಎರಡನೆಯ ಕೆಲಸಕ್ಕೆ ಲಕ್ಕುಂಡಿಗೆ ಕರೆದೊಯ್ಯುತ್ತೇನೆ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯದ ಮುಂದೆ ಕೂತು ಚಿತ್ರ ಬರೆಯುತ್ತಾರೆ, ಊರೊಳಗಿನ ಹಳೇ ಮನೆಗಳನ್ನು ಟೇಪು ಹಿಡಿದು ಅಳೆಯುತ್ತಾರೆ. ಬಾದಾಮಿ, ಪಟ್ಟದಕಲ್ಲಿನ ಮರಳುಗಲ್ಲನ್ನು ಬಿಟ್ಟು ಇಲ್ಲಿಯ ಶಿಲ್ಪಿಗಳು ಮೃದುವಾದ ಬಳಪದ ಕಲ್ಲಿಗೆ ಬಂದರು. ಚರಕಿಗೆ ಹಿಡಿದಂತೆ ನುಣುಪಾದ ಕಂಬಗಳು, ದಾರದಷ್ಟು ಸಣ್ಣ ಕೆತ್ತನೆ ಆಗ ಸಾಧ್ಯವಾದವು. ಉತ್ತರದ ನಾಗರ, ದಕ್ಷಿಣದ ದ್ರಾವಿಡ ಎರಡೂ ಗುಡಿ ಕಟ್ಟುವ ಶೈಲಿಗಳನ್ನು ಅವರು ಬಲ್ಲವರಾಗಿದ್ದರು, ಆದರೆ ಕೈಗೆ ಸಿಕ್ಕ ಕಲ್ಲಿನ ಗುಣ ಕೇಳಿ ಕೆತ್ತಿದರು. ಅಳೆದ ಮನೆಯನ್ನು ವಿದ್ಯಾರ್ಥಿಗಳು ಲಂಡನ್ನಿನ ಕಚೇರಿ ಕೇಳುವ ಅದೇ ಬಿಐಎಂ ಕ್ರಮದಲ್ಲಿ ಮಾದರಿ ಮಾಡಬೇಕು. ಬೆಳಕಿಂಡಿ, ದನದ ಅಂಕಣ, ಹಗೇವು ಯಾವುದೂ ಸಿದ್ಧ ಸಾಮಾನಿನಲ್ಲಿ ಸಿಗುವುದಿಲ್ಲವಾದ್ದರಿಂದ ತಾವೇ ಹುಟ್ಟಿಸಬೇಕು. ಆ ತಂತ್ರಾಂಶ ಅವರಿಗೆ ನಿಜವಾಗಿ ವಶವಾಗುವುದೂ ಆಗಲೇ.

ಅವರಿಗೆ ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿಯವರ ಕತೆ ಹೇಳುತ್ತೇನೆ. ಪ್ಯಾರಿಸ್ಸಿನಲ್ಲಿ ಹೆಸರಾಂತ ವಾಸ್ತುಶಿಲ್ಪಿ ಲೆ ಕಾರ್ಬುಸಿಯೆ ಕೈಕೆಳಗೆ ದುಡಿದು ಬಂದವರು, 1962ರಲ್ಲಿ ಅಹಮದಾಬಾದಿನಲ್ಲಿ ವಾಸ್ತುಶಿಲ್ಪ ಶಾಲೆ ಕಟ್ಟಿದರು, 2018ರಲ್ಲಿ ವಾಸ್ತುಶಿಲ್ಪಕ್ಕೆ ಕೊಡುವ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದರು. ತಮ್ಮ ಕಚೇರಿ ‘ಸಂಗಾತ್’ನ ಕಮಾನು ಮಾಡುಗಳಿಗೆ ಅವರು ಒಡೆದ ಬಿಳಿ ಚೀನಿ ಚೂರುಗಳನ್ನು ಹಚ್ಚಿದ್ದಾರೆ, ಬಿಸಿಲು ಬಂದ ದಾರಿಯಲ್ಲೇ ಹಿಂದಿರುಗಲಿ ಎಂದು. ಅಣ್ಣಿಗೇರಿಯ ಮನೆಯ ಮಾಳಿಗೆಗೂ ಅದನ್ನೇ ಹಾಕಿಸಿದೆ. ಟೈಲ್ಸ್ ಅಂಗಡಿಯ ಒಡೆದ ಮಾಲು ಅಗ್ಗಕ್ಕೆ ಸಿಕ್ಕಿತು.

ಮನೆ ಕಟ್ಟಿಸುವವರೂ ಬದಲಾಗಿದ್ದಾರೆ. ‘ದುಬೈದಾಗ ಹಿಂಗ ಕಟ್ತಾರಲ್ರೀ ಅಕ್ಕಾರ’ ಎಂದು ಪಡುವಣಕ್ಕೆ ಪೂರ್ತಿ ಗಾಜಿರುವ ಫೋಟೊ ತೋರಿಸುತ್ತಾರೆ. ದುಬೈ ಕೆಲಸ ಮಾಡುವ ನನಗೆ ಗೊತ್ತು, ಅಲ್ಲಿ ಆ ಗಾಜಿನ ಹಿಂದೆ ಹಗಲಿರುಳು ಓಡುವ ತಂಪು ಯಂತ್ರಗಳಿವೆ. ನಾನು ವಾದಕ್ಕೆ ಇಳಿಯುವುದಿಲ್ಲ. ಏಪ್ರಿಲ್ ಸಂಜೆ ನಾಲ್ಕರ ಬಿಸಿಲನ್ನು ಅವರ ಮನೆಯ ಮಾದರಿಯ ಮೇಲೆ ಹಾಯಿಸಿ, ಅದು ಮಲಗುವ ಕೋಣೆಯ ಯಾವ ಗೋಡೆ ಮುಟ್ಟುತ್ತದೆಂದು ತೋರಿಸುತ್ತೇನೆ. ಬಹಳ ಮಂದಿ ಗಾಜನ್ನು ತಾವೇ ಕಡಿಮೆ ಮಾಡಿಸುತ್ತಾರೆ.

ನನಗೆ ಚಿಂತೆಯಿರುವುದು ಹುಡುಗ-ಹುಡುಗಿಯರ ಬಗ್ಗೆ. ಹೊರದೇಶದ ಹಾಳೆಗೆ ಸಹಿ ಹಾಕುವವರು ಅಲ್ಲಿ ನೋಂದಾಯಿಸಿದ ವಾಸ್ತುಶಿಲ್ಪಿಗಳು. ಇಲ್ಲಿ 1972ರ ವಾಸ್ತುಶಿಲ್ಪಿಗಳ ಕಾಯ್ದೆ ನಮಗೆ ಆ ಹೆಸರು ಕೊಟ್ಟಂತೆ ಅಲ್ಲಿ ಅವರ ಕಾಯ್ದೆ ಅವರಿಗೆ. ನಮ್ಮವರು ವರ್ಷಗಟ್ಟಲೆ ಬಿಡಿಸಿದ ಕಟ್ಟಡವನ್ನು ಒಮ್ಮೆಯೂ ಮುಟ್ಟಿ ನೋಡದೆ ಇರಬಹುದು. ಸಂಬಳ ಚೆನ್ನಾಗಿಯೇ ಇರುತ್ತದೆ, ಆದರೆ ಗಿಲಾವಿನ ಹಸಿ ವಾಸನೆ ತಿಳಿಯದ ವಾಸ್ತುಶಿಲ್ಪಿ ಆಗಬಾರದು. ಅದಕ್ಕೇ ನಮ್ಮ ಕಚೇರಿಯಲ್ಲಿ ಒಂದು ನಿಯಮ: ಹೊರದೇಶದ ಕೆಲಸವನ್ನಷ್ಟೇ ಯಾರೂ ಮಾಡುವಂತಿಲ್ಲ. ಪ್ರತಿಯೊಬ್ಬರಿಗೂ ಈ ಸೀಮೆಯ ಒಂದು ಕಟ್ಟಡ, ಪಾಯದಿಂದ ಗೃಹಪ್ರವೇಶದ ತನಕ, ಅವರದೇ ಹೊಣೆ. ಈಗ ತರಬೇತಿಗೆ ಬಂದಿರುವ ಹುಡುಗಿಗೆ ನರಗುಂದದ ಒಂದು ಅಂಗನವಾಡಿ ಕಟ್ಟಡ ಒಪ್ಪಿಸಿದ್ದೇನೆ. ಮುಂದಿನ ವಾರ ಪೈಲ್ ಕೊರೆಯುವ ಯಂತ್ರ ಬರುತ್ತದೆ.