ಮಕ್ಕಳ ಬಿಪಿ, ಕೊಲೆಸ್ಟ್ರಾಲ್ ಚೆಕ್ ಮಾಡ್ಸೋದು ಹೇಗೆ?

2025ರ ಜೂನ್, ಜುಲೈನಲ್ಲಿ ಹಾಸನದ ಹಾರ್ಟ್ ಅಟ್ಯಾಕ್ ಸುದ್ದಿ ಹಬ್ಬಿದಾಗ ಜನ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಕ್ಯೂ ನಿಂತಿದ್ರು. ದೊಡ್ಡೋರ ಇಸಿಜಿ ಆಯ್ತು ಬಿಡಿ, ಮಕ್ಕಳ ಬಿಪಿ ಯಾರ ಮನೇಲಿ ನೋಡ್ಸಿದಾರೆ ಕೇಳಿ ನೋಡಣ?

ಮೊದಲು ಎರಡೂ ಕಡೆ ನೆಂಟರನ್ನ ವಿಚಾರಿಸಿ. ಅಜ್ಜ, ಚಿಕ್ಕಪ್ಪ, ಸೋದರಮಾವ ಯಾರಿಗಾದ್ರೂ 55ರೊಳಗೆ, ಅಜ್ಜಿ, ಸೋದರತ್ತೆಗೆ 65ರೊಳಗೆ ಹಾರ್ಟ್ ಅಟ್ಯಾಕ್ ಆಗಿದ್ರೆ ಡಾಕ್ಟರಿಗೆ ಅದನ್ನೇ ಮೊದಲು ಹೇಳಿ, ಯಾಕಂದ್ರೆ ವಂಶದಲ್ಲೇ ಬರೋ ಕೊಲೆಸ್ಟ್ರಾಲ್ ತೊಂದ್ರೆ ಸುಮಾರು 250 ಜನಕ್ಕೆ ಒಬ್ರಿಗೆ ಇರತ್ತೆ, ಮಗು ಕಡ್ಡಿ ಥರ ಇದ್ರೂ ಎಲ್‌ಡಿಎಲ್, ಅಂದ್ರೆ ಕೆಟ್ಟ ಕೊಲೆಸ್ಟ್ರಾಲ್, ಏರಿರತ್ತೆ.

ಆಮೇಲೆ ಬಿಪಿ. 3 ವರ್ಷ ತುಂಬಿದ್ಮೇಲೆ ವರ್ಷಕ್ಕೊಂದ್ಸಲ ಸಾಕು. ಎಡವಟ್ಟಾಗೋದು ತೋಳಿಗೆ ಸುತ್ತೋ ಪಟ್ಟಿಯಲ್ಲಿ: ಅಪ್ಪಂಗೆ ತಂದ ಮಿಷನ್ ಪಟ್ಟಿನ ಯುಕೆಜಿ ಮಗು ತೋಳಿಗೆ ಸುತ್ತಿದ್ರೆ ಬಿಪಿ ಕಮ್ಮಿ ತೋರ್ಸತ್ತೆ, ದಪ್ಪ ತೋಳಿಗೆ ಚಿಕ್ಕ ಪಟ್ಟಿ ಬಿಗಿದ್ರೆ ಇಲ್ದಿರೋ ಬಿಪಿ ಬರತ್ತೆ. ಒಳಗಿನ ರಬ್ಬರ್ ಚೀಲ ತೋಳಿನ ಸುತ್ತಳತೆಯಲ್ಲಿ 80 ಪರ್ಸೆಂಟ್ ಆದ್ರೂ ಸುತ್ತಬೇಕು. ಓಡಿ ಬಂದ ಮಗುನ 5 ನಿಮಿಷ ಸುಮ್ನೆ ಕೂರ್ಸಿ, ಬೆನ್ನಿಗೆ ಆಸರೆ ಇರ್ಲಿ, ಕಾಲು ನೇತಾಡ್ತಿದ್ರೆ ಕೆಳಗೆ ಮಣೆ ಇಡಿ, ಬಲಗೈನ ಎದೆ ಮಟ್ಟಕ್ಕೆ ಇಟ್ಟು ನೋಡ್ಸಿ.

ನಂಬರ್ ಬಂದ ತಕ್ಷಣ ಗಾಬರಿ ಬೇಡ, 120/80 ಇದೆ ನಾರ್ಮಲ್ ಅಂತ ಬಿಡೋದೂ ಬೇಡ. 13 ವರ್ಷದೊಳಗೆ ವಯಸ್ಸು, ಎತ್ತರ, ಗಂಡೋ ಹೆಣ್ಣೋ ನೋಡಿ ಚಾರ್ಟಲ್ಲಿ ಲೆಕ್ಕ ಹಾಕ್ತಾರೆ, ಬೇರೆಬೇರೆ ದಿನ ಮೂರು ಸಲ ಜಾಸ್ತಿ ಬಂದ್ರೆ ಮಾತ್ರ ಬಿಪಿ ಅಂತಾರೆ. ತೀರಾ ಚಿಕ್ಕ ಮಕ್ಕಳಲ್ಲಿ ಕಿಡ್ನಿ ತೊಂದ್ರೆಯಿಂದ್ಲೂ ಏರತ್ತೆ, ಯೂರಿನ್ ಟೆಸ್ಟ್ ಬರೆದ್ರೆ ತಪ್ಪಿಸ್ಬೇಡಿ.

ರಕ್ತ ಪರೀಕ್ಷೆಗೆ 9ರಿಂದ 11 ವರ್ಷ ಒಳ್ಳೆ ಟೈಮು, ಮೈನೆರೆಯೋ ವಯಸ್ಸಲ್ಲಿ ಕೊಲೆಸ್ಟ್ರಾಲ್ ಒಂಚೂರು ಇಳಿಯೋದ್ರಿಂದ ಮೋಸ ಹೋಗ್ಬೋದು. ಜ್ವರ ಬಂದು ಹೋದ ಬೆನ್ನಲ್ಲೇ ಮಾಡ್ಸ್ಬೇಡಿ. ಒಟ್ಟು ಕೊಲೆಸ್ಟ್ರಾಲ್ 170ರ ಒಳಗೆ, ಎಲ್‌ಡಿಎಲ್ 110ರ ಒಳಗೆ ಇದ್ರೆ ಸರಿ. ಲ್ಯಾಬ್ ರಿಪೋರ್ಟಲ್ಲಿ ಪಕ್ಕದಲ್ಲಿರೋ 200 ದೊಡ್ಡೋರ ಲೆಕ್ಕ.

ಊಟದ ವಿಷ್ಯಕ್ಕೆ ಬಂದ್ರೆ ಎಲ್ರೂ ತುಪ್ಪದ ಮೇಲೇ ಕಣ್ಣು ಹಾಕ್ತಾರೆ, ಆದ್ರೆ ಟ್ರೈಗ್ಲಿಸರೈಡ್ ಅನ್ನೋ ರಕ್ತದ ಕೊಬ್ಬನ್ನ ಏರ್ಸೋದ್ರಲ್ಲಿ ಜ್ಯೂಸು, ಬೇಕರಿ ಕೇಕಿನ ಸಕ್ಕರೆ ಪಾಲೂ ಜೋರಾಗಿದೆ. ಕಡುಬಿನ ಜೊತೆ ಉಪ್ಪಿನಕಾಯಿ, ಅನ್ನಕ್ಕೆ ಹಪ್ಪಳ, ಸಂಜೆ ಹಲಸಿನ ಚಿಪ್ಸ್, ಇವೆಲ್ಲಾ ಸೇರಿ ಉಪ್ಪು ಎಷ್ಟಾಯ್ತು ನೋಡ್ಕೊಳಿ. ದಿನಕ್ಕೆ 1 ಗಂಟೆ ಬೆವರೋ ಹಾಗೆ ಆಟ ಬೇಕು, ಮಳೆಗಾಲದಲ್ಲಿ ಹಜಾರದಲ್ಲೇ ಸ್ಕಿಪ್ಪಿಂಗ್ ಆಡ್ಲಿ. ಅಜ್ಜನ ಬಿಪಿ ಮಾತ್ರೆನ ಅರ್ಧ ಮುರಿದು ಮಗುಗೆ ಕೊಡೋ ಕೆಲ್ಸ ಮಾತ್ರ ಯಾವತ್ತೂ ಮಾಡ್ಬೇಡಿ.