ಚೋಕ್ ಇದ್ದವರಿಗೆ ಮಾತ್ರ: ನಮ್ಮೂರ ಹಳೆಯ ಕಾರುಗಳ ಕ್ಲಬ್ ನಿಂತ ಬಗೆ

ಫಿಯೆಟ್, ಅಂಬಾಸಿಡರ್‌ಗಳಿಗೆ ಕ್ಲಬ್ ಏಕೆ, ಗುಜರಿ ಅಂಗಡಿ ಸಾಲದೇ ಎಂದು ನಕ್ಕವರು ಈಗ ವಾಟರ್ ಪಂಪ್ ಕಿಟ್ ಇದೆಯೇ ಎಂದು ನನಗೇ ಫೋನ್ ಮಾಡುತ್ತಾರೆ. ಮಲೆನಾಡಿನ ಅಂಚಿನ ನಮ್ಮ ಊರಿನಲ್ಲಿ ಬ್ಯೂಕ್, ಡಾಡ್ಜ್ ಇಟ್ಟುಕೊಂಡ ಸಾಹುಕಾರರಿಲ್ಲ. ಇದ್ದದ್ದು ಫಿಯೆಟ್ ಬಳಗದ ಪದ್ಮಿನಿ, ಅಂಬಾಸಿಡರ್, ಒಂದೆರಡು ಸ್ಟ್ಯಾಂಡರ್ಡ್ ಹೆರಾಲ್ಡ್, ಮಿಕ್ಕಂತೆ ಮೊದಲ ತಲೆಮಾರಿನ ಮಾರುತಿ 800. ಇವುಗಳಿಂದಲೇ ಕ್ಲಬ್ ಕಟ್ಟಬೇಕೆಂದು ಹಟ ಹಿಡಿದೆ. ಏಳೆಂಟು ವರ್ಷಗಳಾದವು, ಇಂದು ಮೂವತ್ತರ ಆಸುಪಾಸು ಕಾರುಗಳಿವೆ, ಎಲ್ಲವೂ ತಮ್ಮ ಚಕ್ರದ ಮೇಲೇ ಬರುತ್ತವೆ.

ಎಲ್ಲರೂ ಮಾಡುವಂತೆ ನಾವೂ ರ‍್ಯಾಲಿಯಿಂದಲೇ ಶುರು ಮಾಡಿದ್ದೆವು. ಶಾಮಿಯಾನ, ಫ್ಲೆಕ್ಸ್, ಟೀ ಶರ್ಟ್ ಎಂದು ನಲವತ್ತು ಸಾವಿರದಷ್ಟು ಖರ್ಚಾಯಿತು. ಪ್ರಾಯೋಜಕರು ಹಿಂದಿನ ಸಂಜೆ ಕೈ ಎತ್ತಿದರು. ಬಂದ ಕಾರುಗಳು ಐದೋ ಆರೋ. ಅವುಗಳಲ್ಲಿ ಎರಡನ್ನು ಹಗ್ಗ ಕಟ್ಟಿ ಎಳೆದು ತರಲಾಗಿತ್ತು. ಅಲ್ಲಿ ಗೊತ್ತಾದ ಸಂಗತಿ ಇಷ್ಟೇ: ನಮ್ಮವರಿಗೆ ಬೇಕಿದ್ದದ್ದು ಮೆರವಣಿಗೆಯಲ್ಲ, ಬಿಡಿಭಾಗ.

ಆಮೇಲೆ ಚಂದಾ ಪದ್ಧತಿಯನ್ನೇ ಬದಲಾಯಿಸಿದೆ. ವರ್ಷಕ್ಕೆ ಎರಡು ಸಾವಿರ ಕೇಳಿದಾಗ ಮುಖ ತಿರುಗಿಸಿದವರು, ಆರುನೂರು ರೂಪಾಯಿ ಕೊಡಿ, ಇಲ್ಲವೇ ಉಪಯೋಗಕ್ಕೆ ಬರುವ ಒಂದು ಬಿಡಿಭಾಗ ಕೊಡಿ ಎಂದಾಗ ಅಟ್ಟ ಹುಡುಕಲು ಹೊರಟರು. ಡಿಸ್ಟ್ರಿಬ್ಯೂಟರ್ ಕ್ಯಾಪ್, ಪಾಯಿಂಟ್ ಸೆಟ್, ಪೆಟ್ಟಿಗೆ ಒಡೆಯದ ವೀಲ್ ಸಿಲಿಂಡರ್ ಎಲ್ಲ ಹೊರಬಂದವು. ಇವತ್ತು ನಮ್ಮ ಕಪಾಟಿನಲ್ಲಿರುವ ಸರಕಿಗೆ ಒಂದೂವರೆ ಲಕ್ಷವಾದರೂ ಬೆಲೆ ಇದೆ. ಪದ್ಮಿನಿಯ ಬಾಗಿಲಿಗೆ ಯಾವ ವಾಹನದ ರಬ್ಬರ್ ಬೀಡಿಂಗ್ ಅಚ್ಚುಕಟ್ಟಾಗಿ ಕೂರುತ್ತದೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಬರೆದ ಮರುದಿನವೇ ಅದರ ಬೆಲೆ ಏರುತ್ತದೆ.

ಸಂಘದ ನೋಂದಣಿ ದೊಡ್ಡ ತಲೆನೋವೇನಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಏಳು ಜನ ಸಾಕು. ಕಷ್ಟವಾದದ್ದು ಯಾರು ಒಳಗೆ, ಯಾರು ಹೊರಗೆ ಎಂಬುದು. ಹಳೆಯ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟವಾದ ಫಿವಾ ಮೂವತ್ತು ವರ್ಷದ ಗಡಿ ಹಾಕುತ್ತದೆ, ದಿನನಿತ್ಯ ಓಡಿಸುವ ವಾಹನವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 2021ರ ಕೇಂದ್ರ ನಿಯಮದಂತೆ ‘ವಿಎ’ ಸರಣಿಯ ವಿಂಟೇಜ್ ಸಂಖ್ಯೆ ಬೇಕಾದರೆ ಕಾರಿಗೆ ಐವತ್ತು ದಾಟಿರಬೇಕು, ಹೊಸ ನೋಂದಣಿಗೆ 20,000 ರೂಪಾಯಿ ಕಟ್ಟಬೇಕು. ಅದಾದ ಮೇಲೆ ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ನಮ್ಮ ಸದಸ್ಯರಲ್ಲಿ ಅರ್ಧದಷ್ಟು ಜನ ತರಕಾರಿ ತರುವುದು ಅದೇ ಕಾರಿನಲ್ಲಿ! ಹಾಗಾಗಿ ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಿಕೊಂಡು ಹೋಗುವುದೇ ಮೇಲು ಎಂಬುದು ನನ್ನ ಲೆಕ್ಕ. 2025ರಲ್ಲಿ ಇಪ್ಪತ್ತು ವರ್ಷ ದಾಟಿದ ಕಾರಿನ ನವೀಕರಣ ಶುಲ್ಕ 10,000ಕ್ಕೆ ಏರಿದ ಮೇಲೂ ನನ್ನ ಲೆಕ್ಕ ಬದಲಾಗಿಲ್ಲ.

ಕೊನೆಗೆ ವಯಸ್ಸಿನ ಮಾತನ್ನೇ ಬಿಟ್ಟು ಒಂದು ಸಾಲಿನ ನಿಯಮ ಬರೆದೆ: ಡ್ಯಾಶ್‌ಬೋರ್ಡ್‌ನಲ್ಲಿ ಎಳೆಯುವ ಚೋಕ್, ಅಂದರೆ ತಣ್ಣಗಿನ ಎಂಜಿನ್ ಶುರುವಾಗಲು ಗಾಳಿ ತಗ್ಗಿಸುವ ಗುಂಡಿ, ಇರಬೇಕು. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಕಾಲದವರೆಲ್ಲ ಒಳಗೆ, ಅದರ ಬದಲು ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಬಂದ ಮೇಲಿನ 800 ಹೊರಗೆ. ಲಾಂಛನದ ಜಗಳವೂ ಅಲ್ಲಿಗೆ ಮುಗಿಯಿತು; ಯಾವ ಕಾರಿನ ಚಿತ್ರವೂ ಬೇಡ, ಚೋಕ್ ಗುಂಡಿಯೇ ಸಾಕು. ಚೋಕ್ ಇಲ್ಲದ ಡೀಸೆಲ್ ಅಂಬಾಸಿಡರ್ ಮಾಲೀಕರೊಬ್ಬರು, ‘ಎಂಜಿನ್ ಆರಿಸಲು ನಾನೂ ಒಂದು ಗುಂಡಿ ಎಳೆಯುತ್ತೇನಲ್ಲ ಸ್ವಾಮಿ’ ಎಂದು ವಾದ ಹೂಡಿದರು. ವಾದ ಮೆಚ್ಚಿ ಸೇರಿಸಿಕೊಂಡೆವು.

ನಡುವೆ ಪೆಟ್ರೋಲ್ ಪೈಪಿನ ಪ್ರಯೋಗವೊಂದು ನಡೆಯಿತು. ಶೇ 20ರಷ್ಟು ಎಥೆನಾಲ್ ಬೆರೆತ ಇ20 ಪೆಟ್ರೋಲ್ ಬಂದ ಮೇಲೆ ನನ್ನ ಪದ್ಮಿನಿ ಏರಿನಲ್ಲಿ ಮುಗ್ಗರಿಸತೊಡಗಿತು. ಕಾರ್ಬುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಬೌಲ್ ಬಿಚ್ಚಿದರೆ ತಳದಲ್ಲಿ ಮಸಿಯಂಥ ಕರಿಪುಡಿ, ಬೆರಳಿಗೆ ಜಿಗುಟು. ಹಳೆಯ ರಬ್ಬರ್ ಪೈಪು ಒಳಗಿನಿಂದ ಕರಗಿ ಪೆಟ್ರೋಲ್ ಹಾಯುವ ಸಣ್ಣ ತೂತು, ಅಂದರೆ ಜೆಟ್ ಮುಚ್ಚುತ್ತಿತ್ತು. ಮೂರು ಬಗೆಯ ಪೈಪುಗಳ ತುಂಡುಗಳನ್ನು ಒಂದು ಬೇಸಿಗೆಯುದ್ದಕ್ಕೂ ಬಾಟಲಿಯಲ್ಲಿ ನೆನೆಹಾಕಿಟ್ಟೆ. ಅಗ್ಗದ್ದು ಊದಿಕೊಂಡು ಮೆತ್ತಗಾಯಿತು. ಇಂಜೆಕ್ಷನ್ ಕಾರುಗಳಿಗೆ ಬರುವ ಪೈಪು ಜಗ್ಗಲಿಲ್ಲ. ಮೀಟರಿಗೆ ನಾನೂರರ ಸುಮಾರು ಬಿತ್ತು. ಇಂಧನ ಪಂಪಿನ ಒಳಪೊರೆಯಾದ ಡಯಾಫ್ರಾಮನ್ನೂ ಜೊತೆಗೇ ಬದಲಾಯಿಸದಿದ್ದರೆ ಈ ಖರ್ಚು ದಂಡ.

ಈಗ ಕೈಯಲ್ಲಿರುವ ಕೆಲಸ ಪದ್ಮಿನಿಯ ಮುಂಗಾಜಿನ ರಬ್ಬರ್. ಅಚ್ಚು ಮಾಡುವವರು ಐವತ್ತಕ್ಕಿಂತ ಕಡಿಮೆ ಸಂಖ್ಯೆಗೆ ಒಪ್ಪುತ್ತಿಲ್ಲ, ನಮ್ಮಲ್ಲಿ ಹೆಸರು ಬರೆಸಿದವರು ಇಪ್ಪತ್ತೆರಡು. ಪಕ್ಕದ ಜಿಲ್ಲೆಗಳವರು ಸೇರಿಕೊಂಡರೆ ಮಳೆಗಾಲಕ್ಕೆ ಮುಂಚೆ ಮುಂಗಡ ಕಟ್ಟುತ್ತೇನೆ. ಆದರೆ ಸಾಲದ ಲೆಕ್ಕ ಬೇಡ, ಹಣ ಮೊದಲು.