ಮೂರನೇ ಲಾರಿ

ಸ್ವಿಟ್ಜರ್ಲೆಂಡಿನಲ್ಲಿ ಹೈಡ್ರೋಜನ್ ಬಂಕ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಲಾರಿ ಎಷ್ಟು ನಿಮಿಷಕ್ಕೆ ತುಂಬಿತು ಅಂತ ಗಡಿಯಾರ ನೋಡಿ ಖುಷಿಪಡುತ್ತಿದ್ದೆ. ಈಗ ಯಾರಾದರೂ ಹೊಸ ಬಂಕಿನ ಲೆಕ್ಕ ತಂದರೆ ಕೇಳುವುದು ಬೇರೆ: ಒಂದರ ಹಿಂದೊಂದು ಬಂದರೆ ಮೂರನೇ ಲಾರಿಯ ಗತಿಯೇನು?

ನಮ್ಮಲ್ಲಿಗೆ ಬರುವುದು ಹ್ಯುಂಡೈ ಎಕ್ಸಿಯೆಂಟ್ ಲಾರಿ. ಸುಮಾರು 32 ಕೆ.ಜಿ. ಹೈಡ್ರೋಜನ್, 350 ಬಾರ್ ಒತ್ತಡ, ಓಟ 400 ಕಿ.ಮೀ. ಆಸುಪಾಸು. ಹೆಚ್ಚು ಒತ್ತಡದ ಸಿಲಿಂಡರ್ ಗುಂಪಿನಿಂದ ಅನಿಲ ತಾನಾಗಿಯೇ ಲಾರಿಗೆ ಇಳಿಯುತ್ತದೆ, ಮೇಲಿನ ಕೆರೆ ನೀರು ಕೆಳಗಿನ ಕೆರೆಗೆ ಹರಿದ ಹಾಗೆ. ಎರಡು ಲಾರಿ ಹೋಗುವಷ್ಟರಲ್ಲಿ ಮೇಲಿನ ಕೆರೆ ಬತ್ತಿರುತ್ತದೆ. ಮೂರನೆಯವನು, ಅನಿಲ ಒತ್ತಿ ಸಿಲಿಂಡರ್ ಮತ್ತೆ ತುಂಬಿಸುವ ಕಂಪ್ರೆಸರ್ ಮುಖ ನೋಡುತ್ತಾ ಕೂರಬೇಕು.

ನನ್ನ ನಿದ್ದೆ ಕೆಡಿಸಿದ್ದೂ ಅದೇ ಕಂಪ್ರೆಸರ್. ಒಳಗೆ ತೆಳುವಾದ ಲೋಹದ ಹಾಳೆಗಳು; ಒಂದು ಬದಿ ಎಣ್ಣೆ, ಇನ್ನೊಂದು ಬದಿ ಹೈಡ್ರೋಜನ್. ಎರಡೂ ಬೆರೆಯುವಂತಿಲ್ಲ, ಏಕೆಂದರೆ ಲಾರಿಯೊಳಗೆ ಹೈಡ್ರೋಜನ್‌ನಿಂದ ಕರೆಂಟ್ ಮಾಡುವ ಫ್ಯೂಯೆಲ್ ಸೆಲ್‌ನದು ಭಾರೀ ಮಡಿ. ಈ ಹಾಳೆಗಳಿಗೆ ಒಂದೇ ಸಮನೆ ಓಡಿದರೆ ಅಷ್ಟು ತೊಂದರೆಯಿಲ್ಲ. ಪದೇ ಪದೇ ನಿಂತು ಶುರುವಾದರೆ ಆಯುಷ್ಯ ಕಡಿಮೆ. ಶುರುವಿನಲ್ಲಿ ನಮಗೆ ದಿನಕ್ಕೆ ಬೆರಳೆಣಿಕೆಯ ಲಾರಿ. ಅಂದರೆ ಗಿರಾಕಿ ಇಲ್ಲದ್ದರಿಂದಲೇ ಮೆಷಿನ್ ಕೆಡುತ್ತಿತ್ತು!

ಒಂದು ಚಳಿಗಾಲದ ಬೆಳಿಗ್ಗೆ ಹಾಳೆ ಬಿರುಕು ಬಿಟ್ಟಿತು. ಬಿಡಿಭಾಗ ಬೇರೆ ದೇಶದಿಂದ ಬರಬೇಕು. ಅಂಗಡಿಗಳಿಗೆ ಹಾಲು, ತರಕಾರಿ ಒಯ್ಯುವ ಡ್ರೈವರ್ ಬಂದು "ಮುಂದಿನ ಬಂಕ್ ಎಲ್ಲಿ?" ಅಂದ. ಅಲ್ಲಿಯವರೆಗೆ ಹೋಗುವಷ್ಟು ಅನಿಲ ಅವನಲ್ಲಿ ಇರಲಿಲ್ಲ. ಕೊನೆಗೆ ಡಿಪೋದಿಂದ ಡೀಸೆಲ್ ಲಾರಿ ಬಂತು. ಸರಕು ಬದಲಾಯಿಸುವವರೆಗೂ ನಾನು ಅಲ್ಲೇ ನಿಂತಿದ್ದೆ, ಮಾತಾಡಲು ಏನೂ ಇರಲಿಲ್ಲ.

ಅಂದಿನಿಂದ ಹಾಳೆಗಳ ಒಂದು ಪೂರ್ತಿ ಸೆಟ್ ನಮ್ಮ ಶೆಲ್ಫಿನಲ್ಲೇ ಇರುತ್ತದೆ. ಕಂಪ್ರೆಸರನ್ನು ಆಗಾಗ ಎಬ್ಬಿಸದೆ, ಸಿಲಿಂಡರ್ ಒತ್ತಡ ಚೆನ್ನಾಗಿ ಇಳಿದ ಮೇಲೆ ಒಮ್ಮೆಲೇ ಹೊತ್ತುಗಟ್ಟಲೆ ಓಡಿಸತೊಡಗಿದೆವು. ಹಾಗೆ ಮಾಡಿದರೆ ಮೂರನೇ ಲಾರಿಗೆ ಇನ್ನಷ್ಟು ಕಷ್ಟ ತಾನೆ? ಅದಕ್ಕೇ ಪ್ರತಿ ಸಂಜೆ ಡಿಪೋಗೆ ಫೋನ್ ಮಾಡಿ ನಾಳೆ ಯಾರು ಎಷ್ಟು ಗಂಟೆಗೆ ಅಂತ ಬರೆದುಕೊಳ್ಳುತ್ತೇನೆ. ಮುಂದಿನ ಬಂಕಿಗೆ ಒಂದು ದೊಡ್ಡ ಕಂಪ್ರೆಸರ್ ಬದಲು ಎರಡು ಚಿಕ್ಕವು ಹಾಕಿಸಿದೆವು. ದುಬಾರಿಯೇ, ಆದರೆ ಒಂದು ಮಲಗಿದರೆ ಇನ್ನೊಂದು ಎದ್ದಿರುತ್ತದೆ.

ಈ ದೇಶ ಕಾರುಗಳಿಗೆ ಕಾಯದೆ ಲಾರಿಗಳಿಂದ ಶುರುಮಾಡಿದ್ದು ಜಾಣತನ. ಒಂದು ಲಾರಿ ಐದು ಕಾರಿನಷ್ಟು ತುಂಬಿಸಿಕೊಳ್ಳುತ್ತದೆ. ಕೋಪ್, ಮಿಗ್ರೋಸ್‌ನಂಥ ಅಂಗಡಿ ಸರಪಳಿಗಳೂ ಇಂಧನ ಮಾರುವವರೂ 2018ರಲ್ಲಿ ಸಂಘ ಕಟ್ಟಿದ್ದರು. 2020ರಲ್ಲಿ ಲಾರಿಗಳು ಬಂದವು. ಕಿ.ಮೀ. ಲೆಕ್ಕದ ಭಾರಿ ವಾಹನ ತೆರಿಗೆಯಿಂದ ಅವುಗಳಿಗೆ ವಿನಾಯಿತಿಯೂ ಇತ್ತು. ಅದಿಲ್ಲದಿದ್ದರೆ ಲೆಕ್ಕ ಕೂಡುತ್ತಿರಲಿಲ್ಲ. ಆದರೂ ಬ್ಯಾಟರಿ ಲಾರಿ ಸಾಕಾಗುವ ದಾರಿಗೆ ನಾನು ಹೈಡ್ರೋಜನ್ ಹೇಳುವುದಿಲ್ಲ. 33 ಯೂನಿಟ್ ಶಕ್ತಿಯ ಒಂದು ಕೆ.ಜಿ. ಹೈಡ್ರೋಜನ್ ನೀರಿನಿಂದ ತಯಾರಿಸಲು 50ಕ್ಕೂ ಹೆಚ್ಚು ಯೂನಿಟ್ ಕರೆಂಟ್ ಬೇಕು.

2025ರ ಮಾರ್ಚಿನಲ್ಲಿ ಭಾರತ ಸರ್ಕಾರ 37 ಹೈಡ್ರೋಜನ್ ಬಸ್-ಲಾರಿ, 9 ಬಂಕ್‌ಗಳ ಪ್ರಯೋಗಕ್ಕೆ ಒಪ್ಪಿಗೆ ಕೊಟ್ಟಾಗ ದಾವಣಗೆರೆಯ ಗೆಳೆಯ ಫೋನ್ ಮಾಡಿದ. "ಹೆಂಗೋ, ನಡಿತೈತೇನು?" ಬಂಕಿಗೆ ನಾಲ್ಕೇ ಗಾಡಿ ಅಂತ ಮನಸ್ಸಲ್ಲೇ ಭಾಗಿಸಿದೆ.

"ಶೆಲ್ಫಿನಾಗೆ ಹಾಳೆ ಇಟ್ಟಾರೇನು, ಮೊದ್ಲು ಅದನ್ನ ಕೇಳು" ಅಂದೆ.